ಎತ್ಕೊಂಡೋಗ್ತೀವಿ ಬಿಡಿ

ನಮ್ಮ ತಾಲ್ಲೂಕಿನಲ್ಲಿ ಆಸ್ತಿ ನೋಂದಣಿ ಕಚೇರಿ ಇರುವುದು ಬಾಡಿಗೆ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಕೆಳಗೆ ಗೊಬ್ಬರದಂಗಡಿ, ಪಕ್ಕದಲ್ಲಿ ಜೆರಾಕ್ಸ್, ಮೂಲೆಯಲ್ಲಿ ಟೀ ಅಂಗಡಿ, ನಡುವೆ ಇಪ್ಪತ್ತೆರಡು ಮೆಟ್ಟಿಲು. ಎಣಿಸಿದವನು ನಾನಲ್ಲ, ಚಿಕ್ಕಪ್ಪ. ಹೋದಲ್ಲೆಲ್ಲ ಮೆಟ್ಟಿಲು ಎಣಿಸುವುದು ಅವರ ಹಳೇ ಚಾಳಿ. ಎರಡನೇ ವಯಸ್ಸಿಗೆ ಪೋಲಿಯೊ ಬಂದು ಎರಡೂ ಕಾಲು ಸೊರಗಿದವು. ಮೂವತ್ತು ವರ್ಷ ಕ್ಯಾಲಿಪರ್, ಊರುಗೋಲು ಇಟ್ಟುಕೊಂಡೇ ಕಿರಾಣಿ ಅಂಗಡಿ ನಡೆಸಿದರು. ಈಗ ಅರವತ್ತೆರಡು. ಭುಜದ ಕೀಲು ಸವೆದು ಊರುಗೋಲೂ ಕೈಕೊಟ್ಟಿದೆ. ಮನೆಯೊಳಗೆ ವೀಲ್‌ಚೇರ್, ಹೊರಗೆ ಎರಡು ಪಕ್ಕಕ್ಕೂ ಚಕ್ರ ಕೂಡಿಸಿದ ಸ್ಕೂಟರ್. "ಬೇಕಾದ್ರೆ ಬೆಂಗ್ಳೂರ್ ತನಕ ಓಡಿಸ್ಕೊಂಡು ಹೋಗ್ತೀನಿ ಕಣಪ್ಪ, ಮೊದಲನೇ ಮೆಟ್ಟಿಲು ಸಿಕ್ಕೋ ತನಕ" ಎನ್ನುತ್ತಾರೆ.

ಒಂದು ದಿನ ಆ ಕಚೇರಿಯಲ್ಲಿ ನಮ್ಮಪ್ಪನಿಗೂ ಅವರಿಗೂ ವಿಭಾಗಪತ್ರ ಆಗಬೇಕಿತ್ತು. ಸಹಿ ಆದರೆ ಕೆಳಗೇ ತಂದು ಹಾಕಿಸಬಹುದಿತ್ತೇನೋ. ಆದರೆ ಕಂಪ್ಯೂಟರಿಗೆ ಹೆಬ್ಬೆಟ್ಟು ಒತ್ತಬೇಕು, ಕ್ಯಾಮೆರಾಕ್ಕೆ ಮುಖ ತೋರಿಸಬೇಕು. ಮೆಟ್ಟಿಲ ಬುಡದಲ್ಲಿ ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಪತ್ರ ಬರಹಗಾರರು ಕೈಬೀಸಿ ಹೇಳಿದರು: "ಅದೇನ್ ಮಹಾ ಯಜಮಾನ್ರೆ, ಎತ್ಕೊಂಡೋಗ್ತೀವಿ ಬಿಡಿ." ಟೀ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಜೆರಾಕ್ಸ್ ಹುಡುಗ, ಗೊಬ್ಬರದಂಗಡಿಯ ಹಮಾಲಿ, ಸಾಕ್ಷಿ ಹಾಕಲು ಬಂದಿದ್ದ ನಮ್ಮೂರಿನವರೊಬ್ಬರು, ನಾನು. ಚಿಕ್ಕಪ್ಪ ಕೂತಲ್ಲಿಂದಲೇ ನಿರ್ದೇಶನ ಕೊಟ್ಟರು. ಅದು ಅವರಿಗೆ ಬಾಯಿಪಾಠ. "ಕುರ್ಚಿ ಕೈ ಹಿಡೀಬೇಡಿ, ಕಿತ್ಕೊಂಡ್ ಬರುತ್ತೆ. ಸೀಟಿನ ಅಡೀಗೆ ಕೈ ಹಾಕಿ. ನನ್ನ ತೋಳು ಯಾರೂ ಮುಟ್ಬೇಡಿ." ಮೆಟ್ಟಿಲು ತಿರುಗುವ ಕಡೆ ಹಮಾಲಿಯ ಚಪ್ಪಲಿ ಜಾರಿ ಕುರ್ಚಿ ಒಂದು ಪಕ್ಕಕ್ಕೆ ವಾಲಿತು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು, ಬಾಯಿ ಬಿಡಲಿಲ್ಲ. ಮೇಲೆ ಇಳಿಸಿದಾಗ ನಾಲ್ವರಿಗೂ ಕೈಮುಗಿದರು. ತಮ್ಮ ಆಸ್ತಿಗೆ ತಾವು ರುಜು ಹಾಕಲು ಬಂದವರು ಮೊದಲು ನಾಲ್ಕು ಜನಕ್ಕೆ ಕೈಮುಗಿಯಬೇಕಾಯಿತು.

ಎತ್ತಿದವರ ಮನಸ್ಸಿನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ. ಹಮಾಲಿಗೆ ನೂರು ರೂಪಾಯಿ ಕೊಡಹೋದರೆ ಅವನು ನಾಚಿಕೊಂಡು ಓಡಿದ. ನಮ್ಮ ದೇಶದಲ್ಲಿ ಇಂಥ ಕೈಗಳಿಗೆ ಬರವಿಲ್ಲ. ರೈಲು ನಿಲ್ದಾಣ, ಆಸ್ಪತ್ರೆ, ಕಲ್ಯಾಣ ಮಂಟಪ, ಎಲ್ಲಿ ನಿಂತರೂ ನಾಲ್ಕು ಜನ ತಾವಾಗಿ ಬರುತ್ತಾರೆ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಹತ್ತಲಾರದವರಿಗೆ ಡೋಲಿ ಹೊರುವವರೇ ಇದ್ದಾರೆ. ಬಂಡೆಯಲ್ಲಿ ಕಡಿದ ಬೆಟ್ಟಕ್ಕೆ ಡೋಲಿ ಸರಿ. ಬಾಡಿಗೆ ಕರಾರು ಬರೆದು ಹಿಡಿದ ಕಚೇರಿಗೂ ಡೋಲಿಯೇ ಬೇಕೆ? ನನಗೆ ಈಚೆಗೆ ಅನ್ನಿಸುವುದೇನೆಂದರೆ, ಎತ್ತುವ ಕೈ ಸಲೀಸಾಗಿ ಸಿಗುವುದರಿಂದಲೇ ನಮ್ಮಲ್ಲಿ ಇಳಿಜಾರು ಕಟ್ಟಬೇಕೆಂದು ಯಾರಿಗೂ ತೋಚುತ್ತಿಲ್ಲ. ಕೂಲಿ ದುಬಾರಿಯಾದ ದೇಶದಲ್ಲಿ ಲಿಫ್ಟ್ ಹಾಕಿಸುತ್ತಾರೆ. ನಮ್ಮಲ್ಲಿ ಟೀ ಅಂಗಡಿ ಹುಡುಗನನ್ನು ಕೂಗುತ್ತಾರೆ.

ಮನೆಗೆ ಬಂದ ಮೇಲೆ ನೋಂದಣಿ ಕಾಯ್ದೆಯನ್ನು ತೆಗೆದು ನೋಡಿದೆ. 1908ರ ಕಾಯ್ದೆ, ಬ್ರಿಟಿಷರ ಕಾಲದ್ದು. ಅದರ 38ನೇ ಕಲಮಿನ ಪ್ರಕಾರ ದೈಹಿಕ ಅಶಕ್ತತೆಯಿಂದ ಅಪಾಯವೋ ತೀವ್ರ ತೊಂದರೆಯೋ ಇಲ್ಲದೆ ಕಚೇರಿಗೆ ಬರಲಾಗದವರು ಬರಬೇಕಾಗಿಯೇ ಇಲ್ಲ. ಅಧಿಕಾರಿ ಅವರ ಮನೆಗೆ ಹೋಗಬೇಕು, ಇಲ್ಲವೇ ಕಮಿಷನ್ ಕಳಿಸಬೇಕು. ಪತ್ರ ಬರಹಗಾರರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. "ಅರ್ಜಿ ಹಾಕ್ಬೇಕು, ಫೀಸು ಕಟ್ಬೇಕು, ಸಾಹೇಬ್ರಿಗೆ ಪುರುಸೊತ್ತಾಗೋ ತನಕ ಕಾಯ್ಬೇಕು. ಎತ್ಕೊಂಡೋದ್ರೆ ಐದ್ನಿಮಿಷ" ಎಂದರು. ಲೆಕ್ಕ ಸರಿಯೇ. ಆ ಐದು ನಿಮಿಷ ಯಾರ ಪಾಲಿನದು ಎಂಬುದಷ್ಟೇ ಆ ಲೆಕ್ಕದಲ್ಲಿಲ್ಲ.

2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಜನ ಅಂಗವಿಕಲರೆಂದು ದಾಖಲಾದರು. ಕರ್ನಾಟಕದಲ್ಲಿ 13 ಲಕ್ಷದ ಮೇಲೆ. ದೇಶದ ಲೆಕ್ಕ ಜನಸಂಖ್ಯೆಯ ಶೇ 2.21 ಆಯಿತು. ಇಡೀ ಜಗತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ಶೇ 16. ನಮ್ಮಲ್ಲಿ ಜನ ಅಷ್ಟೊಂದು ಗಟ್ಟಿಮುಟ್ಟಾಗಿದ್ದಾರೆ ಎಂದಲ್ಲ, ಎಣಿಸುವ ರೀತಿ ಬೇರೆ, ಹೇಳಿಕೊಳ್ಳುವ ಸಂಕೋಚ ಬೇರೆ. ಮಂಡಿ ಹಿಡಿದು ಮೆಟ್ಟಿಲಿಗೆ ಕಾಲಿಡಲಾಗದ ನಮ್ಮಜ್ಜಿಯನ್ನು ಯಾವ ಗಣತಿದಾರರೂ ಅಂಗವಿಕಲೆ ಎಂದು ಬರೆದುಕೊಂಡಿರಲಾರರು. ಪೋಲಿಯೊ ಹೋಯಿತು, 2011ರ ಜನವರಿಯಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು, 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಬಂತು. ಚಿಕ್ಕಪ್ಪನ ಪೀಳಿಗೆಯೊಂದಿಗೆ ಈ ಸಮಸ್ಯೆ ಮುಗಿಯಿತೆಂದುಕೊಳ್ಳುವವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ಕಾಲು ತೆಗೆಸಿಕೊಂಡವರು, ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು ಆಗಲೇ ಆ ಜಾಗಕ್ಕೆ ಬಂದಾಗಿದೆ.

ಹೆಸರಿನ ವಿಷಯಕ್ಕೆ ಮಾತ್ರ ನಾವು ಬಡವರಲ್ಲ. ಕುಂಟ, ಕುರುಡ ಎಂಬುದನ್ನು ಬಿಟ್ಟು ಅಂಗವಿಕಲ ಎಂದೆವು, ಇಲಾಖೆ ವಿಕಲಚೇತನ ಎಂದಿತು, 2015ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿ ದಿವ್ಯಾಂಗ ಎನ್ನೋಣ ಎಂದರು. "ವಿಕಲ ಆಗಿರೋದು ಕಾಲು. ಚೇತನ ಯಾವಾಗ ಆಯ್ತು?" ಎಂಬುದು ಚಿಕ್ಕಪ್ಪನ ತಕರಾರು. ದಿವ್ಯಾಂಗದ ಬಗ್ಗೆ ಕೇಳಿದರೆ ನಗುತ್ತಾರಷ್ಟೆ.

ಎತ್ತಲು ಯಾರೂ ಮುಂದೆ ಬರಲಾಗದಂಥ ಅತಿಥಿ ಬಂದರೆ ಇದೇ ದೇಶ ಏನು ಮಾಡುತ್ತದೆ? 2001ರ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಕುತುಬ್ ಮಿನಾರ್, ಜಂತರ್ ಮಂತರ್ ನೋಡಬೇಕೆಂದರು. ಅವರ ಯಂತ್ರಚಾಲಿತ ಕುರ್ಚಿಯನ್ನು ಎತ್ತುವುದು ನಾಲ್ಕು ಜನರ ಕೆಲಸವಲ್ಲ. ಪುರಾತತ್ವ ಇಲಾಖೆ ತರಾತುರಿಯಲ್ಲಿ ಮರದ ಇಳಿಜಾರುಗಳನ್ನು ಹಾಕಿಸಿತು. ಶತಮಾನಗಳ ಸ್ಮಾರಕಕ್ಕೆ ಧಕ್ಕೆ ಎಂಬ ಆಕ್ಷೇಪ ಆ ನಾಲ್ಕು ದಿನ ಎಲ್ಲಿ ಹೋಗಿತ್ತೋ. ವೀಲ್‌ಚೇರ್‌ನಲ್ಲೇ ಹೋರಾಟ ನಡೆಸಿದ ಜಾವೇದ್ ಅಬಿದಿ ಇದನ್ನೇ ಹಿಡಿದು ಕೇಳಿದರು: ಅವರಿಗೆ ಆಗುವುದಾದರೆ ನಮಗೇಕೆ ಆಗದು? ವಿಮಾನ ಹತ್ತಿಸುವ ಆಂಬುಲಿಫ್ಟ್‌ಗಾಗಿ ಅವರು ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿನ ಬಾಗಿಲು ಬಡಿದಿದ್ದರು. 2018ರಲ್ಲಿ ತೀರಿಕೊಂಡರು.

ಚುನಾವಣೆ ಇಂಥ ಇನ್ನೊಬ್ಬ ಅತಿಥಿ. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಮತಗಟ್ಟೆಗಳಿಗೆ ಮರದ ಇಳಿಜಾರು ಹಾಕಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಮತಯಂತ್ರದಲ್ಲಿ ಬ್ರೈಲ್ ಅಂಕಿಗಳು ಬಂದವು. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರ ಮನೆಗೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರ ಮನೆಗೂ ಮತಪತ್ರವೇ ನಡೆದು ಬಂತು. ಚಿಕ್ಕಪ್ಪ ಹಾಲ್‌ನಲ್ಲಿ ಕೂತು ವೋಟು ಹಾಕಿದರು. ಅಧಿಕಾರಿಗಳಿಗೆ ಕಾಫಿ ಕೊಟ್ಟರೆ ಕುಡಿಯಲಿಲ್ಲವಂತೆ, ನಿಯಮ. ಒಂದು ವೋಟಿಗೆ ಮನೆ ಬಾಗಿಲಿಗೆ ಬರಬಲ್ಲ ಸರ್ಕಾರ ಒಂದು ಹೆಬ್ಬೆಟ್ಟಿಗೆ ಬರುವುದಿಲ್ಲ ಎನ್ನುವುದು ಅವರಿಗೆ ಇನ್ನೂ ಅರ್ಥವಾಗಿಲ್ಲ.

ಬಡ ದೇಶ, ದುಡ್ಡೆಲ್ಲಿದೆ ಎಂಬ ಉತ್ತರವನ್ನು ಕಾನೂನೇ ಒಂದು ಕಾಲಕ್ಕೆ ಬರೆದುಕೊಟ್ಟಿತ್ತು. 1995ರ ಅಂಗವಿಕಲರ ಕಾಯ್ದೆ ರಸ್ತೆ, ಸಾರಿಗೆ, ಕಟ್ಟಡಗಳ ಬಗ್ಗೆ ಎಷ್ಟೋ ಒಳ್ಳೆಯ ಮಾತು ಹೇಳಿ, ಜೊತೆಗೆ 'ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ' ಎಂದು ಸೇರಿಸಿತ್ತು. ಆ ಮಿತಿಯ ಹಿಂದೆ ಇಪ್ಪತ್ತು ವರ್ಷ ಅವಿತುಕೊಳ್ಳಲು ಜಾಗವಾಯಿತು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ತಕ್ಕಂತೆ 2016ರ ಹೊಸ ಕಾಯ್ದೆ ಬಂತು. ಅಂಗವೈಕಲ್ಯದ ಬಗೆಗಳು ಏಳರಿಂದ ಇಪ್ಪತ್ತೊಂದಾದವು. ಕಟ್ಟಡಗಳ ಮಟ್ಟಿಗೆ ಹಳೆಯ ನುಣುಚು ಮಾತು ಹೋಯಿತು: ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳೂ ನಿಯಮ ಹೊರಬಿದ್ದ ಐದು ವರ್ಷದೊಳಗೆ ಎಲ್ಲರೂ ಒಳಹೋಗುವಂತಾಗಬೇಕು, ಹೊಸದಕ್ಕೆ ಈ ಸೌಕರ್ಯ ಇಲ್ಲದಿದ್ದರೆ ಪರವಾನಗಿಯೇ ಇಲ್ಲ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಲೆಕ್ಕ ಹಾಕಿದರೆ 2022ರ ಜೂನ್‌ಗೆ ಗಡುವು ತೀರಿತು. ನಾವು ಕುರ್ಚಿ ಹೊತ್ತದ್ದು ಅದಾದ ಮೇಲೆ.

ಮತ್ತೊಂದು ನುಣುಚುವ ದಾರಿ ನಿಯಮಗಳಲ್ಲೇ ಇತ್ತು. ದೃಷ್ಟಿದೋಷವಿರುವ ರಾಜೀವ್ ರತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಅದನ್ನು ಎತ್ತಿ ತೋರಿಸಿತು. ಕಾಯ್ದೆ 'ಆಗಲೇಬೇಕು' ಎನ್ನುತ್ತದೆ, ಅದರಡಿಯ 15(1)ನೇ ನಿಯಮ ಹಿಡಿದುಕೊಂಡಿದ್ದ ಮಾರ್ಗಸೂಚಿಗಳೋ 'ಮಾಡಿದರೆ ಒಳ್ಳೆಯದು' ಎಂಬ ಧಾಟಿಯವು. ಸಲಹೆಯನ್ನು ಕಾನೂನು ಎಂದು ಕರೆದರೆ ನಡೆಯದು ಎಂದ ನ್ಯಾಯಪೀಠ ಆ ನಿಯಮವನ್ನು ಅಸಿಂಧುಗೊಳಿಸಿ, ಕಡ್ಡಾಯವಾದವುಗಳನ್ನು ಬೇರ್ಪಡಿಸಿ ಮೂರು ತಿಂಗಳಲ್ಲಿ ಬರೆಯಿರಿ ಎಂದು ಕೇಂದ್ರಕ್ಕೆ ಸೂಚಿಸಿತು. ಹತ್ತೊಂಬತ್ತು ವರ್ಷದ ಮೊಕದ್ದಮೆ.

ಕಡ್ಡಾಯ ಮಾಡಬೇಕಾದದ್ದು ಎಷ್ಟು ಸರಳವಾದದ್ದು ನೋಡಿ. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು. ಐದು ಡಿಗ್ರಿಗೂ ಕಡಿಮೆ. ವೀಲ್‌ಚೇರ್‌ನಲ್ಲಿ ಕೂತವರು ಸ್ವಂತ ಕೈಬಲದಿಂದ ಏರಬಲ್ಲರು, ಇಳಿಯುವಾಗ ಗಾಲಿ ಕೈತಪ್ಪುವುದಿಲ್ಲ. ಎರಡೂ ಕಡೆ ಹಿಡಿಕೆ, ತಿರುವಿನಲ್ಲಿ ಸಮತಟ್ಟು, ಬಾಗಿಲು ಸುಮಾರು ಮೂರಡಿ. ಮನೆಗೆ ಇದನ್ನು ಕಟ್ಟಿಸಲು ಹೋದಾಗ ನಮ್ಮ ಮೇಸ್ತ್ರಿಯ ಮುಖ ನೋಡಬೇಕಿತ್ತು. ಜಗುಲಿ ನೆಲದಿಂದ ಎರಡಡಿ. "ಇಪ್ಪತ್ನಾಕಡಿ ರ‍್ಯಾಂಪಾ? ಅಂಗಳ ಪೂರ್ತಿ ಹೋಯ್ತದೆ ಸಾಮಿ. ನಾಕಡಿ ಹೊಡೀತೀನಿ, ಸ್ಕೂಟ್ರು ಜುಂ ಅಂತ ಹತ್ತುತ್ತೆ." ನಮ್ಮ ಊರುಗಳಲ್ಲಿ ಇಳಿಜಾರಿಲ್ಲದ ಮನೆಯೇ ಇಲ್ಲ ಎಂದು ಹೊಳೆದದ್ದು ಆಗ. ಎಲ್ಲ ಗೇಟಿನ ಮುಂದೂ ಸಿಮೆಂಟಿನ ಒಂದು ಗೂನು ಇದೆ, ಎಲ್ಲವೂ ಸ್ಕೂಟರಿನದು. ಎಂಜಿನ್ನಿಗೆ ಸಾಲುವ ಇಳಿಜಾರು ತೋಳಿಗೆ ಸಾಲುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಮುಂದೆ ಕಾಣುವ ಕಡಿದಾದ ಇಳಿಜಾರುಗಳೂ ಈ ಸ್ಕೂಟರ್ ವಂಶದವೇ. ಕಟ್ಟಡದ ನಕ್ಷೆ ಮುಗಿದು, ಮೆಟ್ಟಿಲಿಗೆ ಗ್ರಾನೈಟ್ ಹಾಕಿದ ಮೇಲೆ ಉಳಿದ ಮೂಲೆಯಲ್ಲಿ ಅದನ್ನು ತುರುಕಿರುತ್ತಾರೆ. ಪರಿಶೀಲನಾ ಪಟ್ಟಿಯಲ್ಲಿ 'ರ‍್ಯಾಂಪ್: ಇದೆ' ಎಂದು ಗುರುತು ಬೀಳುತ್ತದೆ. ಆಮೇಲೆ ಅದರ ಮೇಲೆ ಹೂಕುಂಡ ಇಡುತ್ತಾರೆ. ನಮ್ಮ ಮನೆಯದು ಕೊನೆಗೆ ತುಳಸಿಕಟ್ಟೆ ಸುತ್ತಿಕೊಂಡು ಎಲ್ ಆಕಾರದಲ್ಲಿ ಬಂತು. ಮೇಸ್ತ್ರಿ ಈಗ ಅದನ್ನು ಬೇರೆ ಗಿರಾಕಿಗಳಿಗೆ ಕರೆತಂದು ತೋರಿಸುತ್ತಾನೆ.

ಬೆಂಗಳೂರಿಗೆ ಬಂದರೆ ಬೇರೆ ಬಗೆಯ ತಮಾಷೆ. ಮೆಟ್ರೊ 2011ರ ಅಕ್ಟೋಬರಿನಲ್ಲಿ ಓಡಲು ಶುರುವಾದಾಗಿನಿಂದ ನಿಲ್ದಾಣದಲ್ಲಿ ಲಿಫ್ಟ್ ಇದೆ, ನೆಲದಲ್ಲಿ ಹಳದಿ ಪಟ್ಟಿ ಇದೆ, ಬೋಗಿಯಲ್ಲಿ ವೀಲ್‌ಚೇರ್‌ಗೆ ಜಾಗ ಇದೆ. ಒಳಗಿರುವಷ್ಟು ಹೊತ್ತು ಯಾರೂ ಯಾರನ್ನೂ ಎತ್ತಬೇಕಿಲ್ಲ. ಹೊರಗೆ ಕಾಲಿಟ್ಟರೆ ಫುಟ್‌ಪಾತ್. ಮಂಡಿಯೆತ್ತರ ಏರುತ್ತದೆ, ಕಾರಿನ ಗೇಟು ಬಂದಲ್ಲಿ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಬಂದಲ್ಲಿ ಮುಗಿಯುತ್ತದೆ. ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಅಂಚು ತಗ್ಗಿಸಿ ನುಣುಪಾದ ದಾರಿ ಮಾಡಿದರು. ಅದು ಸಿಕ್ಕಿದ್ದೇ ತಡ ಬೈಕಿನವರು ಹತ್ತಿದರು. ಬೈಕು ತಡೆಯಲು ಅಡ್ಡಗಂಬ ನೆಟ್ಟರು. ಈಗ ಬೈಕು ಹೇಗೋ ಓರೆಯಾಗಿ ನುಸುಳಿ ಹೋಗುತ್ತದೆ, ವೀಲ್‌ಚೇರ್ ನಿಲ್ಲುತ್ತದೆ. ಇಲ್ಲಿ ತಪ್ಪು ಇಲಾಖೆಯದು ಮಾತ್ರ ಎನ್ನಲು ನನ್ನ ಬಾಯಿ ಬರುವುದಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸಂಜೆ ನಾನೂ ಒಮ್ಮೆ ಫುಟ್‌ಪಾತ್ ಹತ್ತಿಸಿದವನೇ.

ಬಸ್ಸಿನದೂ ಇದೇ ಕಥೆ. ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಬಹುತೇಕ ಮಂಡಿಯ ಮಟ್ಟಕ್ಕಿರುತ್ತದೆ. ತಗ್ಗು ನೆಲದ ಬಸ್ಸಿನಲ್ಲಿ ನೆಲ ರಸ್ತೆಯಿಂದ 400 ಮಿಲಿಮೀಟರ್ ಮಾತ್ರ. ಬಾಗಿಲ ಕಡೆಗೆ ಬಸ್ಸೇ ಒಂದಿಷ್ಟು ಬಾಗುತ್ತದೆ, ಮಡಿಸಿಟ್ಟ ಹಲಗೆ ಬಿಚ್ಚಿದರೆ ಚಕ್ರ ನೇರ ಒಳಗೆ. ಆದರೆ ಆ ಹಲಗೆ ಊರಬೇಕಾದದ್ದು ಬಸ್ ಸ್ಟಾಪಿನ ಕಟ್ಟೆಯ ಮೇಲೆ. ಕಟ್ಟೆಯ ಮುಂದೆ ಆಟೊ ನಿಂತಿರುತ್ತದೆ, ಎಳನೀರು ಗಾಡಿ ನಿಂತಿರುತ್ತದೆ. ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಇಳಿದು ಬಂದು, ಒಳ್ಳೆಯ ಮನುಷ್ಯನಾದರೆ, "ಎತ್ಕೋತೀವಿ ಬನ್ನಿ" ಎನ್ನುತ್ತಾನೆ.

ಮೆಟ್ರೊ ನಿಲ್ದಾಣದಲ್ಲಿ ಅಂಧರಿಗೆ ದಾರಿ ತೋರುವ ಹಳದಿ ಪಟ್ಟಿಯ ಮಾತು ಬಂದಿತ್ತಲ್ಲ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಅದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿ ಮೊದಲ ಬಾರಿಗೆ ನೆಲಕ್ಕೆ ಬಿತ್ತು. ಉದ್ದ ಗೆರೆಗಳಿದ್ದರೆ 'ಮುಂದೆ ಹೋಗು', ಚುಕ್ಕೆಗಳಿದ್ದರೆ 'ನಿಲ್ಲು, ಎಚ್ಚರ'. ಪಾದಕ್ಕೂ ಕೋಲಿಗೂ ತಿಳಿಯುವ ಎರಡೇ ಪದಗಳ ಭಾಷೆ. ಬೆಂಗಳೂರಿನ ಒಂದು ಮುಖ್ಯರಸ್ತೆಯಲ್ಲಿ ನಾನು ಕಂಡ ಪಟ್ಟಿ ಗೆರೆಗೆರೆಯಾಗಿ ಸಾಗಿ ಸೀದಾ ಒಂದು ಹೊಂಗೆ ಮರದ ಬುಡಕ್ಕೆ ಹೋಗಿ ಮುಟ್ಟಿತ್ತು. ಮರದ ಆಚೆ ಬದಿಯಿಂದ ಅದೇ ನೇರಕ್ಕೆ ಮತ್ತೆ ಶುರು. ಟೈಲ್ಸ್ ಹಾಕಿದವನು ದಾರ ಹಿಡಿದು ನೀಟಾಗಿ ಕೆಲಸ ಮಾಡಿದ್ದ. ಅದು ಓದುವ ಅಕ್ಷರ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ದುಡ್ಡಿಲ್ಲ ಎಂಬ ಮಾತು ಪೂರ್ತಿ ಸೋಲುವ ಜಾಗ ಇನ್ನೊಂದಿದೆ, ಅದು ನಮ್ಮ ಭಾಷೆಯದೇ. ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವ ನನ್ನ ಗೆಳೆಯನಿಗೆ ಹುಟ್ಟಿನಿಂದ ಕಣ್ಣು ಕಾಣದು. ಮೊಬೈಲ್ ಅವನಿಗೆ ಪತ್ರಿಕೆ ಓದಿ ಹೇಳುತ್ತದೆ, ವಾಟ್ಸ್ಆ್ಯಪ್ ಓದುತ್ತದೆ, ಕನ್ನಡದ ಒತ್ತಕ್ಷರಗಳನ್ನೂ ತಕ್ಕಮಟ್ಟಿಗೆ ಸರಿಯಾಗಿ ಉಚ್ಚರಿಸುತ್ತದೆ. ಒಂದು ದಿನ ಸುತ್ತೋಲೆಯ ಕಡತ ತೆರೆದು ನನ್ನ ಕಿವಿಗೆ ಹಿಡಿದ. ಫೋನು ಗಂಭೀರವಾಗಿ ಓದತೊಡಗಿತು: "ಪಿ, ಎ, ಪೌಂಡ್, ಎ..." ಅದು 'ಕನ್ನಡ' ಎಂಬ ಪದ! ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದ ಕಡತದಲ್ಲಿ ಕಂಪ್ಯೂಟರಿನ ಮಟ್ಟಿಗೆ ಇರುವುದು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಯೂನಿಕೋಡ್‌ನಲ್ಲಿ ಟೈಪು ಮಾಡಿದರೆ ಈ ತೊಂದರೆಯೇ ಇಲ್ಲ. ಅದಕ್ಕೆ ಸಿಮೆಂಟು ಬೇಡ, ಟೆಂಡರು ಬೇಡ, ಹೊಸ ನುಡಿಯಲ್ಲೇ ಆ ಸೌಲಭ್ಯವಿದೆ. ಇನ್ನು ಆದೇಶವನ್ನು ಪ್ರಿಂಟು ತೆಗೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಫೋನಿಗೆ ಓದಲು ಏನೂ ಸಿಗದು. "ಅಂಗವಿಕಲರ ಸೌಲಭ್ಯದ ಆದೇಶವೂ ಹಂಗೇ ಬರುತ್ತೆ ಮಾರಾಯ. ಹೆಂಡ್ತಿ ಹತ್ರ ಓದಿಸ್ಕೋತೀನಿ" ಎಂದ. ಇದೂ ಎತ್ತಿಕೊಂಡು ಹೋಗುವುದೇ. ಕುರ್ಚಿ ಕಾಣುವುದಿಲ್ಲ ಅಷ್ಟೆ.

ಇಷ್ಟೆಲ್ಲದರಲ್ಲಿ ಯಾರೂ ಬಾಯಿಬಿಟ್ಟು ಆಡದ ಸಂಗತಿ ಶೌಚಾಲಯ. ಚಿಕ್ಕಪ್ಪ ಹೊರಗೆ ಹೋಗುವ ದಿನ ಬೆಳಿಗ್ಗೆ ಕಾಫಿ ಕುಡಿಯುವುದಿಲ್ಲ. ಇದು ನನಗೆ ತಿಳಿದದ್ದು ತೀರಾ ಈಚೆಗೆ, ಚಿಕ್ಕಮ್ಮ ಹೇಳಿ. ವೀಲ್‌ಚೇರ್ ಒಳಹೋಗಿ ತಿರುಗುವಷ್ಟು ಜಾಗ, ಪಕ್ಕಕ್ಕೊಂದು ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು ಇರುವ ಶೌಚಾಲಯ ತಾಲ್ಲೂಕು ಕೇಂದ್ರದಲ್ಲಿ ಎಲ್ಲಿದೆ? ಇದ್ದರೂ ಬೀಗ ಹಾಕಿರುತ್ತದೆ, ಕೀಲಿಕೈ ಇರುವವರು ಊಟಕ್ಕೆ ಹೋಗಿರುತ್ತಾರೆ. ಮೆಟ್ಟಿಲಿಗೆ ನಾಲ್ಕು ಜನರನ್ನು ಕರೆಯಬಹುದು, ಇದಕ್ಕೆ ಕರೆಯಲಾದೀತೇ? ಅದಕ್ಕೇ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ. ಮೂವತ್ತು ವರ್ಷ ಅಂಗಡಿಯಲ್ಲೂ ಅವರು ಹೀಗೇ ಕಳೆದರಂತೆ, ಎರಡು ಬಾರಿ ಮೂತ್ರಪಿಂಡದಲ್ಲಿ ಕಲ್ಲಾಯಿತಂತೆ.

ಅಂದು ಹೆಬ್ಬೆಟ್ಟು, ಫೋಟೊ ಎಲ್ಲ ಮುಗಿದಾಗ ಒಂದೂಕಾಲು. ಇಳಿಯೋಣವೆಂದರೆ ಎತ್ತಿದವರಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಹಮಾಲಿ ಲಾರಿ ಲೋಡಿಗೆ ಹೋಗಿದ್ದ, ಜೆರಾಕ್ಸ್ ಅಂಗಡಿ ಊಟಕ್ಕೆ ಮುಚ್ಚಿತ್ತು, ಊರಿನವರು ಎರಡು ಗಂಟೆ ಬಸ್ಸಿಗೆ ಹೊರಟೇಬಿಟ್ಟಿದ್ದರು. ಕಚೇರಿಯವರು ಬಾಗಿಲು ಎಳೆದುಕೊಂಡು ಡಬ್ಬಿ ಬಿಚ್ಚಿದರು. ಚಿಕ್ಕಪ್ಪ ವರಾಂಡದಲ್ಲಿ ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎದುರಿಗೆ ಇಪ್ಪತ್ತೆರಡು ಮೆಟ್ಟಿಲು, ಕೆಳಗೆ ಬಿಸಿಲಿನಲ್ಲಿ ಅವರ ಸ್ಕೂಟರ್. ಅಪ್ಪ ಒಂದೆರಡು ಸಲ ಕೆಳಗಿಳಿದು ಹೋಗಿ ಯಾರಾದರೂ ಸಿಗುತ್ತಾರಾ ಎಂದು ನೋಡಿ ಬಂದರು. ಒಂದು ಗಂಟೆ ಹತ್ತು ನಿಮಿಷ ಕಾದೆವು.

ಟೀ ಹುಡುಗ ಕಚೇರಿಯವರಿಗೆ ಟೀ ತಂದವನು ನಮಗೂ ಎರಡು ಲೋಟ ಹಿಡಿದು ಬಂದ. "ತಗಳಿ ಸಾರ್, ಕುರ್ಚಿ ಅರ್ಜೆಂಟಿಲ್ಲ" ಎಂದು ನಕ್ಕ. ನಾನು ತಗೊಂಡೆ. ಚಿಕ್ಕಪ್ಪ ಲೋಟವನ್ನು ಒಮ್ಮೆ ನೋಡಿ ಅವನ ಕೈಗೇ ವಾಪಸು ಕೊಟ್ಟರು.

"ಇಳಿದ್ಮೇಲೆ ಕುಡೀತೀನಿ, ಇಟ್ಟಿರಪ್ಪ."